ಹೇಳದೆ ಹೋಗಿ ನೋಡಿದ ಮನೆ

ಹೆಣ್ಣು ಕೊಡುವ ಮೊದಲು ಗಂಡಿನ ಮನೆ ನೋಡಬೇಕು, ಅದನ್ನೂ ಹೇಳದೆ ಕೇಳದೆ ಹೋಗಿ ನೋಡಬೇಕು. ಇದು ಕಸ್ತೂರೆಮ್ಮನ ಕಾನೂನು. ಹೇಳಿ ಹೋದರೆ ಅವರು ನೆಲ ಸಾರಿಸಿ, ಪಕ್ಕದ ಮನೆಯ ಹಿತ್ತಾಳೆ ಕೊಡ ತಂದು ಸಾಲಾಗಿ ಜೋಡಿಸಿ, ಮನೆಯ ಹೆಂಗಸರಿಗೆ ಪೆಟ್ಟಿಗೆಯ ಸೀರೆ ಉಡಿಸಿ ನಿಲ್ಲಿಸಿರುತ್ತಾರೆ. ಅಂಥ ಮನೆ ನೋಡಿ ಬಂದರೆಷ್ಟು, ಬಿಟ್ಟರೆಷ್ಟು. ಮಸ್ಕಿಯ ಅವಳ ಓಣಿಯಲ್ಲಿ ಈ ಕಾನೂನಿಗೆ ನಗುವವರು ಬಹಳ ಮಂದಿ ಇದ್ದರು. ನಕ್ಕರೆ ಹಲ್ಲು ಅವರದು ಎಂದು ಕಸ್ತೂರೆಮ್ಮ ಸೆರಗು ಕೊಡವಿ ಒಳಗೆ ಹೋಗುತ್ತಿದ್ದಳು.

ನಗುವವರಿಗೇನು ಗೊತ್ತು? ನಲವತ್ತಮೂರು ವರ್ಷದ ಹಿಂದೆ ಅವಳ ಅಪ್ಪನಿಗೆ ಸಂತೆಕಲ್ಲೂರಿನಲ್ಲಿ ದೊಡ್ಡದೊಂದು ವಾಡೆ ತೋರಿಸಿದ್ದರು. ನಾಲ್ಕು ಜೋಡಿ ಎತ್ತು, ನೆಲದೊಳಗಿನ ಹಗೇವಿನ ತುಂಬ ಜೋಳ. ಲಗ್ನವಾಗಿ ಮದುಮಗಳು ಬಂದಾಗ ಬಂಡಿ ಆ ವಾಡೆಯ ಮುಂದೆ ನಿಲ್ಲಲೇ ಇಲ್ಲ. ಸಂದಿಯೊಳಗೆ ತಿರುಗಿ ಒಂದಂಕಣದ ಮನೆಯ ಮುಂದೆ ಹೋಗಿ ನಿಂತಿತು. ವಾಡೆ ಬೇರೆ ಯಾರದೋ, ಎತ್ತೂ ಅವರವೇ. "ಬೀಗರ ಮನಿ, ಒಳಗ ಹೊಕ್ಕು ಅಡಿಗಿಮನಿ ನೋಡೂದು ಚಂದಲ್ಲಂತ ಪಡಸಾಲ್ಯಾಗ ಕುಂತು ಎದ್ದು ಬಂದೆ ಮಗಳ" ಎಂದು ಅಪ್ಪ ಆಮೇಲೆ ಕಣ್ಣೀರು ಹಾಕಿದ್ದ. ಎಂಟು ವರ್ಷಕ್ಕೆ ಗಂಡ ತೀರಿಕೊಂಡ, ಕಸ್ತೂರೆಮ್ಮ ತವರಿಗೆ ಮರಳಿದಳು. ಬಡತನವನ್ನು ಅವಳು ನುಂಗಿಕೊಂಡಿದ್ದಳು. ತನ್ನನ್ನು ಏಮಾರಿಸಿದ್ದನ್ನು ಮಾತ್ರ ಇವತ್ತಿಗೂ ನುಂಗಲಾಗಿರಲಿಲ್ಲ.

ಈಗ ಅಶ್ವಿನಿಯ ಸರದಿ. ಅಶ್ವಿನಿ ಅವಳ ತಮ್ಮ ಚನ್ನವೀರನ ಮಗಳು. ನಾಲ್ಕು ವರ್ಷದವಳಿದ್ದಾಗ ತಾಯಿಯನ್ನು ಕಳೆದುಕೊಂಡು, ಅತ್ತೆಯ ಸೆರಗು ಹಿಡಿದು ಬೆಳೆದವಳು. ಅವಳಿಗೆ ಲಿಂಗಸುಗೂರಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗ ಗುರುಬಸವ, ನೀರಾವರಿ ಕಚೇರಿಯಲ್ಲಿ ಗುಮಾಸ್ತ. ಸಿಂಧನೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಚನ್ನವೀರ ಹೋಗಿ ನೋಡಿ ಬಂದು, ಊಟಕ್ಕೆ ಕೂತಾಗಲೆಲ್ಲ ಅದನ್ನೇ ಹಾಡುತ್ತಿದ್ದ.

"ಮಂತ್ರಿ ಮಹಾಂತಪ್ಪನ ವಾಡೆ ಅಂದ್ರ ಲಿಂಗಸೂರಾಗ ಸಣ್ಣ ಕೂಸೂ ತೋರಸ್ತೈತಿ ಅಕ್ಕಾ. ಹಿಂದ ಹೈದರಾಬಾದ್ ಸರ್ಕಾರದಾಗ ಮಂತ್ರಿ ಇದ್ದವರು. ಈ ಹುಡುಗ ಅವರ ಮರಿಮಗ. ಹನ್ನೆರಡು ಅಂಕಣದ ಮನಿ! ತೂಗುಮಂಚ, ತಾಮ್ರದ ಹಂಡೆ, ಸಾಗವಾನಿ ಕಂಬ. ನಮ್ಮ ಹುಡುಗಿ ರಾಣಿ ಹಂಗ ಇರ್ತಾಳ."

"ಅಡಿಗಿಮನಿ ನೋಡೀಯೇನು?"

"ಎಲ್ಲಾ ನೋಡೀನಿ" ಎಂದು ಚನ್ನವೀರ ತಾಟಿಗೆ ಮುಖ ಹಾಕಿದ.

ಲಗ್ನದ ಮೊದಲು ಅಪ್ಪನೂ ಹೀಗೇ ಅಂದಿದ್ದ. ಈ ಸಲ ತಾನೇ ನೋಡದೆ ಒಪ್ಪಿಗೆ ಕೊಡುವುದಿಲ್ಲ ಎಂದು ಕಸ್ತೂರೆಮ್ಮ ಗಟ್ಟಿ ಮಾಡಿಕೊಂಡಳು. ತಮ್ಮ ಅಂಗಡಿಗೆ ಹೋದದ್ದೇ ತಡ, ಬಳೆಗಾರ್ತಿ ಜುಬೇದಾಬೀಯನ್ನು ಜೊತೆಗೆ ಹೊರಡಿಸಿದಳು. ಇಬ್ಬರೂ ಒಂದೇ ವಾರಿಗೆಯವರು, ಸಣ್ಣವರಿದ್ದಾಗಿನಿಂದ ಜೋಡಿ. ಮೇಲಾಗಿ ಬಳೆ ತೊಡಿಸುವವಳಿಗೆ ಯಾರ ಮನೆಯಲ್ಲೂ ಅಡುಗೆಮನೆಯವರೆಗೆ ದಾರಿ ಉಂಟು. ಹೆಂಗಸರ ಮುಂಗೈ ಹಿಡಿದರೆ ಸಾಕು, ಆ ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ, ಪೆಟ್ಟು ಯಾರು ತಿನ್ನುತ್ತಾರೆ ಎಂದು ಜುಬೇದಾಬೀ ಹೇಳಿಬಿಡುತ್ತಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ಇಂಥ ಸವಾರಿಗೆ ಗಂಡಸರ ಅಪ್ಪಣೆಯೂ ಬೇಕಿರಲಿಲ್ಲ. ಬಸ್ಸು ಸಂತೆಕಲ್ಲೂರು ದಾಟುವವರೆಗೆ ಕಸ್ತೂರೆಮ್ಮ ಕಿಟಕಿಯ ಕಡೆ ನೋಡಲಿಲ್ಲ.

ಲಿಂಗಸುಗೂರಿನಲ್ಲಿ ಇಳಿದು ಕೇಳಿದರೆ, ತಮ್ಮ ಹೇಳಿದ್ದು ನಿಜವೇ. ಮೊದಲು ಸಿಕ್ಕ ಬಾಳೆಹಣ್ಣಿನವಳೇ ಕೈ ಮಾಡಿ ತೋರಿಸಿದಳು. ಹೋಗಿ ನೋಡಿದರೆ ವಾಡೆ ಅಂದರೆ ವಾಡೆ. ಆನೆ ಹೊಗುವಂಥ ಬಾಗಿಲು, ಬಣ್ಣ ಹೊಡೆದ ಗೋಡೆ, ಅಂಗಳದಲ್ಲಿ ಕಸದ ಕಡ್ಡಿಯೂ ಇಲ್ಲ. ಬಾಗಿಲ ನೆತ್ತಿಯ ಮೇಲೆ ಉದ್ದನೆಯದೇನೋ ಇತ್ತು, ಅದಕ್ಕೆ ಬಿಳಿ ಬಟ್ಟೆ ಸುತ್ತಿ ಸುತಳಿಯಿಂದ ಬಿಗಿದಿದ್ದರು.

"ನೋಡ ಕಸ್ತೂರಿ, ಹಂದರದ ಬಟ್ಟಿ ಈಗ್ಲೇ ತಂದು ಕಟ್ಯಾರ. ನಿಮ್ಮ ಹುಡುಗಿ ಮ್ಯಾಲ ಅಷ್ಟು ಆಸೆ ಅವರಿಗೆ" ಎಂದಳು ಜುಬೇದಾಬೀ.

ಅದು ಹಂದರದ ಬಟ್ಟೆಯಾಗಿರಲಿಲ್ಲ. ಮಹಾಂತಪ್ಪನವರ ಮನೆಯನ್ನು ಸರ್ಕಾರ ತೆಗೆದುಕೊಂಡು ವಸ್ತುಸಂಗ್ರಹಾಲಯ ಮಾಡಿ ವರ್ಷಗಳೇ ಆಗಿದ್ದವು, ಆ ಬಟ್ಟೆಯ ಕೆಳಗಿದ್ದದ್ದು ಅದರ ಬೋರ್ಡು. ಚುನಾವಣೆ ಸಾರಿದ ದಿನ ಯಾವನೋ ಸಾಹೇಬ ಜೀಪಿನಲ್ಲಿ ಹೋಗುವಾಗ ಬೋರ್ಡಿನಲ್ಲಿ ಮಂತ್ರಿ ಎಂಬುದನ್ನು ಓದಿ, ನೀತಿ ಸಂಹಿತೆ ಇದೆ, ಮುಚ್ಚಿಸಿ ಎಂದು ಗದರಿಸಿ ಹೋಗಿದ್ದ. ಆ ಮಂತ್ರಿ ಸತ್ತು ಅರವತ್ತು ವರ್ಷವಾಯಿತು, ಈ ಸಲ ನಿಲ್ಲುವುದಿಲ್ಲ ಎಂದು ಹೇಳುವ ಗಂಡೆದೆ ಯಾರಿಗೂ ಇರಲಿಲ್ಲ. ಇಬ್ಬರು ಹೆಂಗಸರಿಗೂ ಓದು ಬಾರದು, ಆ ಮಾತು ಬೇರೆ. ಆದರೂ ಬೋರ್ಡೆಂಬುದೊಂದು ಕಂಡಿದ್ದರೆ ಇದು ಸಂಸಾರಸ್ಥರ ಮನೆಯಲ್ಲ ಎಂದಾದರೂ ಹೊಳೆಯುತ್ತಿತ್ತು.

ಬಾಗಿಲಲ್ಲಿ ಖಾಕಿ ಅಂಗಿಯ ಮುದುಕನೊಬ್ಬ ಮೇಜು ಹಾಕಿಕೊಂಡು ಕೂತಿದ್ದ.

"ಹೆಸರು ಹೇಳ್ರಿ. ಊರು ಹೇಳ್ರಿ. ಚಪ್ಪಲಿ ಅಲ್ಲಿ ಬಿಡ್ರಿ. ಒಳಗ ಏನೂ ಮುಟ್ಟಬ್ಯಾಡ್ರಿ."

ಕಸ್ತೂರೆಮ್ಮ ತಬ್ಬಿಬ್ಬಾದಳು. ಬೀಗರ ಮನೆಗೆ ಬಂದವರ ಕಾಲಿಗೆ ನೀರು ಕೊಡುತ್ತಾರೆಯೇ ಹೊರತು ಹೆಸರು ಬರೆದುಕೊಳ್ಳುವುದನ್ನು ಅವಳು ಎಲ್ಲೂ ಕಂಡಿರಲಿಲ್ಲ. ಮಂತ್ರಿಯ ಮನೆತನ, ಆಳುಕಾಳಿನ ದರ್ಬಾರು ಹೀಗೇ ಇರಬೇಕು ಎಂದುಕೊಂಡಳು. ಗುಟ್ಟಾಗಿ ಬಂದವಳು ನಿಜ ಹೇಳಲಾದೀತೇ? ಹೆಸರು ಪಕೀರಮ್ಮ, ಊರು ತುರ್ವಿಹಾಳ ಎಂದು ಸುಳ್ಳು ಬರೆಸಿ ಒಳಗೆ ನಡೆದಳು.

ಒಳಗೆ ತಮ್ಮ ಹೇಳಿದ ಒಂದೊಂದೂ ಅಲ್ಲಲ್ಲೇ ಇತ್ತು. ಸಾಗವಾನಿ ಕಂಬ, ಮುಖ ಕಾಣುವಂತೆ ತಿಕ್ಕಿದ ತಾಮ್ರದ ಹಂಡೆ, ಹಿತ್ತಾಳೆ ಸರಪಳಿಯ ತೂಗುಮಂಚ. ಎಣಿಸಿದರೆ ಅಂಕಣವೂ ಹನ್ನೆರಡೇ. ಕಸ್ತೂರೆಮ್ಮನಿಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಬನ್ನಿ ಎನ್ನುವವರಿಲ್ಲ, ಯಾಕೆ ಬಂದಿರಿ ಎನ್ನುವವರೂ ಇಲ್ಲ. ಬೀಗರ ಮನೆಯನ್ನು ತಡೆಯಿಲ್ಲದೆ ಅಡ್ಡಾಡಿ ನೋಡಬೇಕೆಂದು ಜನ್ಮವಿಡೀ ಹಂಬಲಿಸಿದವಳಿಗೆ, ಈಗ ಯಾರೂ ತಡೆಯದಿರುವುದೇ ಸರಿಬರಲಿಲ್ಲ.

ಮಲಗುವ ಕೋಣೆಯಲ್ಲಿ ಪಟ್ಟೆಮಂಚ ಇತ್ತು. ಅದರ ಸುತ್ತ ಕೆಂಪು ಹಗ್ಗ.

"ಮಂಚಕ್ಕ ಯಾಕ ಹಗ್ಗ ಕಟ್ಯಾರ ಬೇ?" ಎಂದಳು ಪಿಸುದನಿಯಲ್ಲಿ.

"ಯಾರನ್ನೋ ಕಟ್ಟಿ ಹಾಕಿ ಮಲಗಸ್ತಾರ" ಎಂದಳು ಜುಬೇದಾಬೀ. "ದೊಡ್ಡ ಮನಿತನದಾಗ ಒಬ್ಬರಿಗಾದ್ರೂ ತಲಿ ಕೆಟ್ಟಿರತೈತಿ."

ಕಸ್ತೂರೆಮ್ಮ ಹಗ್ಗದಿಂದ ಹಿಂದೆ ಸರಿದಳು. ಹುಡುಗನಿಗೋ, ಹುಡುಗನ ತಾಯಿಗೋ? ಚನ್ನವೀರ ಇದನ್ನೂ ನೋಡಿ ಸುಮ್ಮನಿದ್ದನೇ?

ಅಡುಗೆಮನೆಗೆ ನುಗ್ಗಿದಳು. ಸಾಲಾಗಿ ಮೂರು ಒಲೆ. ಮೂರರ ಬಾಯಿಗೂ ಕೈ ಹಾಕಿ ನೋಡಿದಳು, ಚಿಟಿಕೆ ಬೂದಿ ಇರಲಿಲ್ಲ. ಒರಳು ಒಣಗಿತ್ತು. ಉಪ್ಪಿನ ಭರಣಿಯಲ್ಲಿ ಉಪ್ಪಿಲ್ಲ, ಗಡಿಗೆಯಲ್ಲಿ ನೀರಿಲ್ಲ. ಇಷ್ಟು ಸ್ವಚ್ಛವಾದ ಅಡುಗೆಮನೆಯನ್ನು ಅವಳು ಅರವತ್ತೆರಡು ವರ್ಷದಲ್ಲಿ ಕಂಡಿರಲಿಲ್ಲ, ಕಂಡು ಹೀಗೆ ಹೆದರಿಯೂ ಇರಲಿಲ್ಲ. ಅಷ್ಟರಲ್ಲಿ ಇಸ್ತ್ರಿ ಮಾಡಿದ ಸೀರೆಯುಟ್ಟ ಒಬ್ಬ ಹುಡುಗಿ ಕೈಯಲ್ಲಿ ಕೀಲಿಗೊಂಚಲು ಹಿಡಿದು ಬಂದಳು. ಕೀಲಿ ಅವಳ ಕೈಯಲ್ಲಿದ್ದ ಮೇಲೆ ಮನೆಯ ಹಿರಿಸೊಸೆಯೇ ಇರಬೇಕು. ಆದರೆ ಒಂದು ಕೈಗೆ ಗಡಿಯಾರ, ಇನ್ನೊಂದು ಕೈಗೆ ಒಂದು ಬಳೆಯೂ ಇಲ್ಲ. ಜುಬೇದಾಬೀ ಗೆಳತಿಯ ಪಕ್ಕೆಗೆ ತಿವಿದಳು.

"ಯವ್ವಾ, ಇವತ್ತ ಒಲಿ ಹಚ್ಚಿಲ್ಲೇನು?" ಎಂದು ಕಸ್ತೂರೆಮ್ಮ ಮೆಲ್ಲಗೆ ಕೇಳಿದಳು.

"ಇಲ್ಲಿ ಒಲಿ ಹಚ್ಚಂಗಿಲ್ರೀ ಅವ್ವಾ. ಕಡ್ಡಿಪೆಟ್ಟಿಗಿ ಸೈತ ಒಳಗ ತರಂಗಿಲ್ಲ."

"ಮತ್ತ ಊಟ?"

"ಊಟಕ್ಕ ನಾವು ಎಲ್ಲಾರೂ ಹೊರಗ ಹೋಗ್ತೀವಿ. ಬಸ್ ಸ್ಟ್ಯಾಂಡ್ ಹಂತ್ಯಾಕ ಖಾನಾವಳಿ ಐತಲ್ರೀ."

"ದಿನಾಲೂ?"

"ದಿನಾಲೂ."

"ಮಂದಿ ಎಷ್ಟು ಇಲ್ಲಿ?"

"ದಿನಾ ಮೂವತ್ತು ನಲವತ್ತು ಮಂದಿ ಆಗ್ತಾರ್ರೀ. ಐತಾರ ಇನ್ನೂರು ದಾಟತೈತಿ."

"ಅಷ್ಟೂ ಮಂದಿ ಎಲ್ಲಿ ಮಲಗ್ತಾರ?"

ಹುಡುಗಿ ನಕ್ಕಳು. "ರಾತ್ರಿ ಯಾರೂ ಇರಂಗಿಲ್ರೀ. ಐದೂವರಿಗೆ ಕೀಲಿ ಹಾಕಿಬಿಡ್ತೀವಿ. ಮುಂದಿನ ಕೋಣ್ಯಾಗ ಸಾಹೇಬರು ಅದಾರ, ನೋಡ್ಕೊಂಡ ಹೋಗ್ರಿ." ಹೊರಗೆ ಯಾರೋ ಕರೆದರೆಂದು ಅವಳು ಹೊರಟುಹೋದಳು.

ಕಸ್ತೂರೆಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಇನ್ನೂರು ಮಂದಿ ಬರುವ ಮನೆ, ಒಲೆ ಹಚ್ಚುವುದಿಲ್ಲ. ಪಟ್ಟೆಮಂಚವಿರುವ ಮನೆ, ರಾತ್ರಿ ಯಾರೂ ಇರುವುದಿಲ್ಲ. ಹಾಗಾದರೆ ಅಶ್ವಿನಿ ರೊಟ್ಟಿ ಎಲ್ಲಿ ಬಡಿಯಬೇಕು, ಎಲ್ಲಿ ಮಲಗಬೇಕು? ಒಲೆ ಹಚ್ಚಬಾರದೆಂದು ದೇವರ ಹರಕೆಯೋ, ಶಾಪವೋ? ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ.

"ಹಿರಿಯರು ಅದಾರಂತ. ಬಾ, ಅವರನ್ನ ಕೇಳೋಣು" ಎಂದು ಜುಬೇದಾಬೀ ಎಳೆದಳು.

ಮುಂದಿನ ಕೋಣೆ ಮಬ್ಬಾಗಿತ್ತು. ಮೇಜಿನ ಹಿಂದೆ ಕುರ್ಚಿಯಲ್ಲಿ ರುಮಾಲು ಸುತ್ತಿದ ಹಿರಿಯರು ಕನ್ನಡಕ ಹಾಕಿಕೊಂಡು ಕಾಗದ ಓದುತ್ತ ಕೂತಿದ್ದರು. ಕಸ್ತೂರೆಮ್ಮ ತಲೆಯ ಮೇಲೆ ಸೆರಗು ಹೊದ್ದು ಬಾಗಿದಳು.

"ಶರಣ್ರೀ ಯಪ್ಪಾರ."

ಹಿರಿಯರು ಕಾಗದದಿಂದ ಕಣ್ಣೆತ್ತಲಿಲ್ಲ.

"ಹುಡುಗಿ ಕಡಿಯವರು ಬಂದೀವ್ರೀ. ಮಸ್ಕಿಯಿಂದ. ಚನ್ನವೀರ ಅಂತ, ಅವನ ಅಕ್ಕ ನಾನು." ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಉತ್ತರವಿಲ್ಲ. ಎಂಥ ಸೊಕ್ಕು! ಮಂತ್ರಿಯ ಮನೆತನವಾದರೇನು, ಹೆಣ್ಣು ಕೊಡುವವರನ್ನು ಕೂತುಕೊಳ್ಳಿ ಎಂದರೆ ಬಾಯಿಂದ ಮುತ್ತು ಉದುರುತ್ತದೆಯೇ? ಸಿಟ್ಟು ನೆತ್ತಿಗೇರಿತು. "ಮಾತಾಡ್ರಿ ಯಪ್ಪಾ! ನಮ್ಮ ಹುಡುಗಿ ನಾಳೆ ಈ ಮನ್ಯಾಗ ಬಾಳೇವು ಮಾಡಬೇಕು. ಒಲ್ಯಾಗ ಬೂದಿ ಇಲ್ಲ, ಗಡಿಗ್ಯಾಗ ನೀರಿಲ್ಲ, ಮಂಚಕ್ಕ ಹಗ್ಗ. ಏನ್ ಕಥಿ ಇದು?"

ಜುಬೇದಾಬೀ ಮೇಜಿನ ಬಳಿಗೆ ಹೋಗಿ ಬಗ್ಗಿ ನೋಡಿದಳು. ಅವಳ ಮುಖದ ಬಣ್ಣ ಹೋಯಿತು.

"ಕಸ್ತೂರಿ... ಈ ಮನಶ್ಯಾ ಉಸರ ಆಡವಲ್ಲ."

ಆಮೇಲೆ ಇಬ್ಬರೂ ಹಾಕಿದ ಕೂಗಿಗೆ ಖಾಕಿಯ ಮುದುಕ ಮೇಜು ಬಿಟ್ಟು ಓಡಿಬಂದ. ಕೀಲಿಯ ಹುಡುಗಿಯೂ ಓಡಿಬಂದಳು. "ಹೆಣಾ! ಹೆಣಾ ಕುಂದರ್ಸ್ಯಾರ!" ಎಂದು ಕಸ್ತೂರೆಮ್ಮ ಬಾಗಿಲ ಚೌಕಟ್ಟು ಹಿಡಿದು ಚೀರುತ್ತಿದ್ದಳು. ಹುಡುಗಿ ಅವಳನ್ನು ಹಿಡಿದು ಪಡಸಾಲೆಯಲ್ಲಿ ಕೂರಿಸಿ, ತನ್ನ ಬಾಟಲಿಯ ನೀರು ಕುಡಿಸಿದಳು.

"ಅದು ಗೊಂಬಿ ರೀ ಅವ್ವಾ. ಮಂತ್ರಿ ಸಾಹೇಬರ ಹಂಗ ಗೊಂಬಿ ಮಾಡಿ ಕುಂದರಸ್ಯಾರ. ಇದು ಮ್ಯೂಸಿಯಂ. ಸರ್ಕಾರದ್ದು. ಮಂದಿ ನೋಡ್ಲಿ ಅಂತ ಇಟ್ಟಾರ, ಇಲ್ಲಿ ಯಾರೂ ಬಾಳೇವು ಮಾಡಂಗಿಲ್ಲ."

"ಹಂಗಾರ ನೀ ಸೊಸಿ ಅಲ್ಲ?"

"ನಾನಾ?" ಹುಡುಗಿಯ ಕಣ್ಣು ಅಗಲವಾದವು. "ನಾ ಭಾರತಿ ಅಂತ, ನೌಕರಿ ಮಾಡ್ತೀನಿ ಇಲ್ಲಿ. ನಮ್ಮ ಅಜ್ಜಿ ಮುದುಕಮ್ಮ ಈ ಮನಿ ದನದ ಕೊಟಗಿ ಬಳೀತಿದ್ಲು. ಹೊಸ್ತಿಲಾ ದಾಟಾಕ ಬಿಡತಿದ್ದಿಲ್ಲ ಅಕೀನ. ಈಗ ಹನ್ನೆರಡೂ ಅಂಕಣದ ಕೀಲಿ ನನ್ನ ಹಂತ್ಯಾಕ ಅದಾವ್ರೀ."

ಬೇರೆ ದಿನವಾಗಿದ್ದರೆ ಕಸ್ತೂರೆಮ್ಮ ಈ ಮಾತನ್ನೂ, ತಾನು ಕುಡಿದ ನೀರನ್ನೂ ವಾರಗಟ್ಟಲೆ ಮೆಲುಕು ಹಾಕುತ್ತಿದ್ದಳು. ಇವತ್ತು ಅವಳ ತಲೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಬಾಟಲಿ ಬರಿದು ಮಾಡಿ, "ನೀ ಚೊಲೋ ಹುಡುಗಿ ಇದ್ದಿ" ಎಂದಳು. "ಮತ್ತ ಮಂತ್ರಿ ಮನಿ ಮಂದಿ ಎಲ್ಲಿ?"

"ಮರಿಮಗ ಒಬ್ಬರು, ಅವರ ತಾಯಿ ಒಬ್ಬರು ಅದಾರ. ಛಾವಣಿ ಅಂತ ಓಣಿ ಐತ್ರೀ, ಅಲ್ಲಿ ಎರಡು ಖೋಲಿ ಬಾಡಗಿ ಹಿಡದಾರ."

ಜುಬೇದಾಬೀಗೆ ಆಗಲೇ ನಗು ಬಂದಿತ್ತು, ಗೊಂಬೆಗೆ ಸಲಾಂ ಹೊಡೆದದ್ದನ್ನು ನೆನೆದು ಹೊಟ್ಟೆ ಹಿಡಿದುಕೊಂಡಿದ್ದಳು. ಕಸ್ತೂರೆಮ್ಮ ನಗಲಿಲ್ಲ. ಮತ್ತೆ ಅದೇ ಆಟ. ಅವಳ ಅಪ್ಪನಿಗೆ ತೋರಿಸಿದ್ದು ಊರ ಮಂದಿಯ ವಾಡೆ, ತಮ್ಮನಿಗೆ ತೋರಿಸಿದ್ದು ಸರ್ಕಾರದ ವಾಡೆ. ಪಾಪ, ಚನ್ನವೀರ ಭೋಳೆ ಮನುಷ್ಯ, ಕಂಬ ನೋಡಿ ಮರುಳಾಗಿರಬೇಕು. ಈ ಸಲ ಬಾಯಿ ಮುಚ್ಚಿಕೊಂಡು ಬಂಡಿ ಇಳಿಯುವ ಕಸ್ತೂರಿ ಇರಲಿಲ್ಲ. ಆಟೋ ಹತ್ತಿ ಛಾವಣಿ ಎಂದಳು.

ಅಲ್ಲಿ ಕೇಳಿಕೊಂಡು ಹೋದರೆ, ಎರಡು ಖೋಲಿಯ ಮನೆಯ ಬಾಗಿಲು ತೆರೆದೇ ಇತ್ತು. ಹೊಗೆ ಕಟ್ಟಿದ ಅಡುಗೆಮನೆಯಲ್ಲಿ ಹುಡುಗನ ತಾಯಿ ಶೇಖರಮ್ಮ ಹಳೇ ಸೀರೆಯುಟ್ಟು ರೊಟ್ಟಿ ಬಡಿಯುತ್ತಿದ್ದಳು. ಕಸ್ತೂರೆಮ್ಮ ಹೊಸ್ತಿಲ ಮೇಲೆಯೇ ನಿಂತು ಶುರುಮಾಡಿದಳು.

"ಮಸ್ಕಿ ಚನ್ನವೀರನ ಅಕ್ಕ ನಾನು. ಗೊಂಬಿ ತೋರಿಸಿ ಹೆಣ್ಣು ಕೇಳ್ತೀರೇನು ನೀವು? ನಿಮ್ಮ ವಾಡೆ ನೋಡಿ ಬಂದೆ. ಮನಿ ಇಲ್ಲಂದ್ರ ಇಲ್ಲ ಅನಬೇಕು. ತಾಯಿ ಇಲ್ಲದ ಕೂಸಿಗೆ ಮೋಸ ಮಾಡಾಕ ಮನಸರ ಹ್ಯಾಂಗ ಬಂತು ನಿಮಗ?"

ಶೇಖರಮ್ಮ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಮೋಸ ನಾವು ಮಾಡಿಲ್ರೀ ಅಕ್ಕಾರ" ಎಂದಳು. "ನಿಮ್ಮ ತಮ್ಮ ಎರಡು ಸಲ ಬಂದಾರ. ಎರಡೂ ಸಲ ಇಲ್ಲೇ, ಈ ಚಾಪಿ ಮ್ಯಾಲ ಕುಂತು ರೊಟ್ಟಿ ಉಂಡಾರ. ವಾಡೆ ಸರ್ಕಾರದ್ದು ಅಂತ ಮೊದಲನೇ ದಿನಾನ ಹೇಳೀವಿ. ಹುಡುಗ ಚೊಲೋ ಅದಾನ, ನೌಕರಿ ಐತಿ, ನನಗ ಅಷ್ಟ ಸಾಕು ಅಂದ್ರು. ಹೋಗಾಗ ಮಾತ್ರ, ನಮ್ಮ ಅಕ್ಕಗ ಸಣ್ಣ ಮನಿ ಅಂದ್ರ ಆಗಂಗಿಲ್ಲ, ವಾಡ್ಯಾಗ ಇರ್ತೀವಿ ಅಂತ ಅನ್ರಿ, ಲಗ್ನ ಆದ ಮ್ಯಾಲ ಎಲ್ಲಾ ಸರಿ ಹೋಗತೈತಿ ಅಂದ್ರು."

"ಏನಂದ್ರಿ ನೀವು?"

"ನಾ ಒಲ್ಲೆ ಅಂದೆ. ಸುಳ್ಳು ಹೇಳಿ ಸೊಸಿ ತಂದ್ರ ಅಕಿ ಮಾರಿ ಹ್ಯಾಂಗ ನೋಡ್ಲಿ ನಾನು? ಅವತ್ತಿನಿಂದ ನಮ್ಮ ಹುಡುಗನ ಫೋನು ಎತ್ತವಲ್ರು."

ಕಸ್ತೂರೆಮ್ಮ ಬಾಗಿಲ ಬಳಿಯೇ ಕೂತಳು. ಚನ್ನವೀರ ಕೆಟ್ಟವನಲ್ಲ. ಮಗಳ ಒಳ್ಳೆಯದಕ್ಕೇ ಮಾಡಿದ್ದಾನೆ, ಕೇಳಿದರೆ ಅಳುತ್ತಾನೆ ಕೂಡ. ಅಪ್ಪನೂ ಅತ್ತಿದ್ದ. ಆ ನೆನಪಿನ ಹಿಂದೆಯೇ ಇನ್ನೊಂದು ಯೋಚನೆ ಬಂತು. ಊರೂರು ತಿರುಗಿ ಜೋಳದ ವ್ಯಾಪಾರ ಮಾಡಿದ ಅಪ್ಪ, ಒಂದು ಚೀಲಕ್ಕೆ ಕೈ ಹಾಕದೆ ಜೋಳ ಕೊಂಡವನಲ್ಲ. ಅಂಥವನು ಮಗಳನ್ನು ಕೊಡುವಾಗ ಪಡಸಾಲೆಯಿಂದ ಎದ್ದು ಬಂದನೇ? ಅವನಿಗೂ ಒಂದಂಕಣದ ಮನೆ ಗೊತ್ತಿತ್ತೇ? ಗಂಡನ ಮನೆಯವರನ್ನು ನಲವತ್ತಮೂರು ವರ್ಷ ಶಪಿಸಿದ್ದಾಳೆ. ಯಾರನ್ನು ಶಪಿಸಬೇಕಿತ್ತೋ ಈಗ ತಿಳಿಯದಾಯಿತು. ಕೇಳೋಣವೆಂದರೆ ಅಪ್ಪ ಮಣ್ಣಾಗಿ ಇಪ್ಪತ್ತು ವರ್ಷ.

"ನೀರು ಕುಡಿ ಕಸ್ತೂರಿ" ಎಂದು ಜುಬೇದಾಬೀ ಬೆನ್ನು ಸವರಿದಳು. ಅವಳ ನಗು ಎಲ್ಲೋ ಹೋಗಿತ್ತು.

ನೀರು ಬೇಡವೆಂದು ಕಸ್ತೂರೆಮ್ಮ ಸೊಂಟದ ಚೀಲದಿಂದ ಫೋನು ತೆಗೆದು ಅಶ್ವಿನಿಗೆ ಹಚ್ಚಿದಳು.

"ಅಶ್ವಿನಿ, ಹುಡುಗನ ಮನಿ ಹ್ಯಾಂಗೈತಿ ಅಂತ ನಿಮ್ಮಪ್ಪ ನಿನಗ ಏನು ಹೇಳ್ಯಾನ?"

"ಹನ್ನೆರಡು ಅಂಕಣದ ವಾಡೆ ಅಂತಲ್ಲ ಅತ್ತಿ. ತೂಗುಮಂಚ ಐತಂತ. ನಾ ಪುಸ್ತಕ ಓದಕೋತ ತೂಗಬೇಕಂತ ಮಾಡೀನಿ." ಹುಡುಗಿಯ ದನಿಯಲ್ಲಿ ನಗುವಿತ್ತು. "ಯಾಕತ್ತಿ? ಎಲ್ಲಿದ್ದಿ ನೀನು?"

ಅಶ್ವಿನಿಗೂ ನಿಜ ಗೊತ್ತಿರಲಿಲ್ಲ. ಕಸ್ತೂರೆಮ್ಮ ಸುತ್ತ ನೋಡಿದಳು. ಮಸಿ ಹಿಡಿದ ಗೋಡೆ, ಒಂದು ಕಿಟಕಿ, ಎರಡು ಕೊಡ ನೀರು, ಹಂಚಿನ ಮೇಲೆ ಸೀದುಹೋಗುತ್ತಿದ್ದ ರೊಟ್ಟಿ, ಹಿಟ್ಟಿನ ಕೈ ಇಳಿಬಿಟ್ಟುಕೊಂಡು ಸುಮ್ಮನೆ ನಿಂತಿದ್ದ ಹೆಂಗಸು. ಮನೆ ಒಳ್ಳೆಯದೋ ಕೆಟ್ಟದ್ದೋ ಅವಳಿಗೆ ಹೇಳಲಾಗಲಿಲ್ಲ.

"ಹುಡುಗನ ಮನ್ಯಾಗ ಅದೀನಿ. ನೀ ಒಂದು ಗಂಟಿ ಬಸ್ ಹಿಡಿದು ಲಿಂಗಸೂರಿಗೆ ಬಾ. ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ."

"ನಾನಾ? ಹುಡುಗಿ ಎಲ್ಲಿಯರ ಮನಿ ನೋಡಾಕ ಬರ್ತಾಳೇನತ್ತಿ? ಮಂದಿ ಏನಂತಾರ? ಅಪ್ಪನ್ನ ಒಂದು ಮಾತು ಕೇಳ್ತೀನಿ ತಡಿ."

"ಅಪ್ಪನ್ನ ಕೇಳಬ್ಯಾಡ. ನನ್ನೂ ಕೇಳಬ್ಯಾಡ. ನೀನ ಬಂದು, ಅಡಿಗಿಮನಿ ಹೊಕ್ಕು, ನಿನ್ನ ಕಣ್ಣಿಲೆ ನೋಡು. ಮನಸು ಬಂದ್ರ ಹೂಂ ಅನ್ನು. ಇಲ್ಲಂದ್ರ ನನ್ನ ಜೋಡಿ ವಾಪಸ್ ಬಸ್ ಹತ್ತು, ಯಾರು ಏನಂತಾರ ನಾ ನೋಡ್ಕೋತೀನಿ." ಫೋನು ಇಡುವ ಮೊದಲು ಮತ್ತೊಂದು ಮಾತು ಸೇರಿಸಿದಳು. "ನನಗ ಯಾರೂ ಬಂದು ನೋಡು ಅಂದಿದ್ದಿಲ್ಲ ಅಶ್ವಿನಿ."